ನನ್ನದೇ ಹಣ, ನನ್ನದೇ ಇನ್ನೊಂದು ಖಾತೆಗೆ

ನಾಳೆ ಬೆಳಿಗ್ಗೆ ಸಾಲದ ಕಂತು ಕಡಿತವಾಗಬೇಕು, ಆ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದು ನೆನಪಾದಾಗ ರಾತ್ರಿ 11 ಗಂಟೆ. ಬೇರೆ ಬ್ಯಾಂಕಿನಲ್ಲಿರುವ ನನ್ನ ಉಳಿತಾಯ ಖಾತೆಯಿಂದ ಡೆಬಿಟ್ ಕಾರ್ಡ್ ಮೂಲಕ ವರ್ಗಾಯಿಸಿದೆ. ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಜಮೆಯಾದ ಸಂದೇಶ ಬಂದಿತ್ತು.

ಮೊದಲು ಇದೇ ಕೆಲಸಕ್ಕೆ ಎರಡು ಮೂರು ದಿನ ಕಾಯುತ್ತಿದ್ದೆ. ಶುಕ್ರವಾರ ಸಂಜೆ ಕಳುಹಿಸಿದ ಹಣ ಸೋಮವಾರದವರೆಗೆ ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಹಾಗೆ ಒಮ್ಮೆ ಕಂತು ತಪ್ಪಿ ದಂಡ ಕಟ್ಟಿದ್ದು ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಅಂಗಡಿಯಲ್ಲಿ ಕಾರ್ಡ್ ಬಳಸಿದರೆ ಹಣ ಕಾರ್ಡ್ ಕಂಪನಿಯ ಜಾಲದ ಮೂಲಕ ನಮ್ಮ ಖಾತೆಯಿಂದ ಹೊರಡುತ್ತದೆ. ವೀಸಾ ಡೈರೆಕ್ಟ್, ಮಾಸ್ಟರ್‌ಕಾರ್ಡ್ ಸೆಂಡ್‌ನಂಥ ಸೇವೆಗಳಲ್ಲಿ ಅದೇ ಜಾಲದ ಮೂಲಕ ಹಣ ಎದುರು ದಿಕ್ಕಿನಲ್ಲಿ ಹರಿದು, ಕಾರ್ಡಿಗೆ ಜೋಡಿಸಿದ ಖಾತೆಯನ್ನು ಸೇರುತ್ತದೆ. ಬ್ಯಾಂಕುಗಳ ನಡುವಿನ ಲೆಕ್ಕ ಚುಕ್ತಾ ಆಗುವುದು ಆಮೇಲೆ. ಪಡೆಯುವ ಬ್ಯಾಂಕ್ ಅಷ್ಟರವರೆಗೆ ಕಾಯದೆ, ಸಾಮಾನ್ಯವಾಗಿ 30 ನಿಮಿಷದೊಳಗೆ, ನಮ್ಮ ಕೈಗೆ ಹಣ ಕೊಟ್ಟುಬಿಡುತ್ತದೆ. ಎರಡು ಸಂಸ್ಥೆಗಳ ನಡುವಿನ ಈ ನಂಬಿಕೆ ನನಗೆ ವೇಗಕ್ಕಿಂತ ಹೆಚ್ಚು ಇಷ್ಟವಾಯಿತು. ಕಾಯುವ ಭಾರವನ್ನು ಗ್ರಾಹಕನ ಹೆಗಲಿನಿಂದ ಇಳಿಸಿ ಬ್ಯಾಂಕು ಹೊತ್ತುಕೊಂಡಿದೆ; ಅದು ಇರಬೇಕಾದದ್ದೂ ಅಲ್ಲಿಯೇ.

ಎಲ್ಲ ಕಾರ್ಡುಗಳಿಗೂ ಈ ಸೌಲಭ್ಯವಿಲ್ಲ, ಮೊತ್ತಕ್ಕೆ ಮಿತಿಯೂ ಇರುತ್ತದೆ. ಅದನ್ನು ಒಪ್ಪುತ್ತೇನೆ. ಆದರೆ ಕೆಲವು ಕಡೆ ಶುಲ್ಕ ಹಿಡಿಯುವುದನ್ನು ಮಾತ್ರ ಒಪ್ಪಲಾರೆ. ನನ್ನ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುವ ಹಣಕ್ಕೆ ಸುಂಕವೇಕೆ?

ಇವತ್ತು ನಿಶ್ಚಿಂತೆಯಿಂದ ಮಲಗುತ್ತೇನೆ.