ಎಡಗಡೆಯ ಸೀಟು ಖಾಲಿ

ಕಳೆದ ಭಾನುವಾರ ಅಣ್ಣನ ಮಗ ಕೊಟ್ಟಿಗೆಹಾರದಿಂದ ಮೂಡಿಗೆರೆಗೆ ಕಾರು ಓಡಿಸಿಕೊಂಡು ಬರುತ್ತಲೇ ನನಗೆ ವಿಡಿಯೊ ಕರೆ ಮಾಡಿದ. ಇನ್ನೂ ಪಿಯುಸಿ ಓದುತ್ತಿರುವ, ಹದಿನೇಳು ತುಂಬದ ಹುಡುಗ. ಮೊಬೈಲನ್ನು ಸ್ಟೀರಿಂಗ್ ಪಕ್ಕಕ್ಕೆ ಸಿಕ್ಕಿಸಿ, ಹಿಂದೆ ಮೂವರು ಗೆಳೆಯರನ್ನು ಕೂರಿಸಿಕೊಂಡು, “ಅತ್ತೆ, ನೋಡಿ, ನಾನೇ ಓಡಿಸ್ತಿದೀನಿ” ಎಂದ. ಗಾಡಿಯನ್ನು ಬದಿಗೆ ನಿಲ್ಲಿಸು ಎಂದಷ್ಟೇ ಹೇಳಿ ಕರೆ ನಿಲ್ಲಿಸಿದೆ. ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ನನ್ನ ಮಗಳು ಸ್ವಲ್ಪ ಹೊತ್ತಿನ ನಂತರ, “ಅಮ್ಮ, ಅವನ ಎಡಗಡೆಯ ಸೀಟು ಖಾಲಿ ಇತ್ತಲ್ಲ. ಅಲ್ಲಿ ದೊಡ್ಡವರು ಯಾರೂ ಕೂರುವುದಿಲ್ಲವಾ?” ಎಂದು ಕೇಳಿದಳು.

ಅವಳಿಗೂ ಈಗ ಅದೇ ವಯಸ್ಸು. ನಾವಿರುವ ಮೆಲ್ಬರ್ನ್ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯಕ್ಕೆ ಸೇರಿದ್ದು. ಇಲ್ಲಿ 16 ತುಂಬಿದವರು ಕಾರು ಕಲಿಯಲು ತೊಡಗಬಹುದು, ಆದರೆ 18 ತುಂಬುವವರೆಗೆ ಒಬ್ಬರೇ ಓಡಿಸುವಂತಿಲ್ಲ. 21 ತುಂಬದವರು ಕನಿಷ್ಠ 120 ಗಂಟೆ, ಅದರಲ್ಲಿ 20 ಗಂಟೆ ರಾತ್ರಿಯ ಹೊತ್ತು, ಪೂರ್ಣ ಲೈಸೆನ್ಸ್ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ, ಪ್ರತಿ ಪ್ರಯಾಣವನ್ನೂ ದಾಖಲಿಸಬೇಕು. ರಸ್ತೆಯಲ್ಲಿ ಅಪಾಯವನ್ನು ಮುಂಚಿತವಾಗಿ ಗುರುತಿಸುವ ಶಕ್ತಿಯನ್ನು ಅಳೆಯಲು ಬೇರೆಯೇ ಒಂದು ಪರೀಕ್ಷೆಯಿದೆ. ಅದೆಲ್ಲ ಮುಗಿದು ಲೈಸೆನ್ಸ್ ಸಿಕ್ಕ ಮೇಲೂ ಹೊಸ ಚಾಲಕರೆಂದು ತೋರಿಸುವ ಕೆಂಪು ‘ಪಿ’ ಫಲಕ ಒಂದು ವರ್ಷ, ಆಮೇಲೆ ಮೂರು ವರ್ಷ ಹಸಿರು ‘ಪಿ’ ಫಲಕ ಹಾಕಿಕೊಂಡೇ ತಿರುಗಬೇಕು. ಆ ನಾಲ್ಕೂ ವರ್ಷ ಚಾಲನೆಯ ಹೊತ್ತಿನಲ್ಲಿ ಫೋನಿನಲ್ಲಿ ಮಾತನಾಡುವಂತಿಲ್ಲ, ಅದನ್ನು ಕೈಯಲ್ಲಿ ಹಿಡಿಯದಿದ್ದರೂ ಸರಿಯೆ. ಕೆಂಪು ಫಲಕದ ವರ್ಷದಲ್ಲಿ, ಮನೆಯವರನ್ನು ಬಿಟ್ಟರೆ, 16ರಿಂದ 21 ವಯಸ್ಸಿನ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸಿಕೊಳ್ಳುವಂತಿಲ್ಲ. ಹೊಸಬರಿಗೆ ಅಪಘಾತದ ಸಂಭವ ಅತಿ ಹೆಚ್ಚಿರುವುದು ಒಬ್ಬರೇ ಓಡಿಸಲು ತೊಡಗಿದ ಮೊದಲ ಕೆಲವು ತಿಂಗಳುಗಳಲ್ಲಿ, ಮತ್ತು ಕಾರಿನಲ್ಲಿ ಓರಗೆಯವರು ಹೆಚ್ಚಿದಷ್ಟೂ ಅದು ಏರುತ್ತದೆ ಎಂಬ ತಿಳಿವಳಿಕೆಯೇ ಇಂಥ ಕಟ್ಟುಪಾಡುಗಳಿಗೆ ಆಧಾರ. ದುಡುಕನ್ನು ತಡೆದು ಮುಂದಾಲೋಚನೆಗೆ ಎಡೆ ಕೊಡುವ ಮೆದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಎರಡು ಸೆಕೆಂಡುಗಳಲ್ಲಿ ಸುಮಾರು 33 ಮೀಟರ್ ದೂರ ಹೋಗಿರುತ್ತದೆ. ಅತ್ತೆಯ ಮುಖವನ್ನು ಪರದೆಯ ಮೇಲೊಮ್ಮೆ ನೋಡಿ ಕಣ್ಣನ್ನು ರಸ್ತೆಗೆ ತಿರುಗಿಸಲು ಎರಡು ಸೆಕೆಂಡು ಬೇಕೇ ಬೇಕು. ಮಳೆಗಾಲದ ಮಂಜಿನಲ್ಲಿ ಕೊಟ್ಟಿಗೆಹಾರದ ಸುತ್ತಮುತ್ತ ಅಷ್ಟು ದೂರದ ರಸ್ತೆ ಕಣ್ಣಿಗೆ ಕಾಣುವುದೇ ಅಪರೂಪವೆಂದು ಆ ದಾರಿಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ಕಾರಿಗೆ 18 ತುಂಬಿರಬೇಕು. 16ಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಮೀರದ, ಗೇರಿಲ್ಲದ ಗಾಡಿಗಷ್ಟೇ ಅನ್ವಯವಾಗುವುದರಿಂದ ಇಂದಿನ ಸಾಮಾನ್ಯ ಸ್ಕೂಟರುಗಳಾವುವೂ ಅದರೊಳಗೆ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೂ ಅಪ್ರಾಪ್ತರ ಚಾಲನೆಗೆ ಪೋಷಕರನ್ನೇ ಹೊಣೆ ಮಾಡಿ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದತಿ, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ನಿರಾಕರಣೆ ಎಂದೆಲ್ಲ ಹೇಳುತ್ತದೆ. ಆದರೂ ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ, “ನಮ್ಮ ಹುಡುಗ ಹನ್ನೆರಡಕ್ಕೇ ಜೀಪು ಕಲಿತ” ಎಂಬ ಮಾತು ಹೆಮ್ಮೆಯಿಂದಲೇ ಕೇಳಿಬರುತ್ತದೆ. ತೋಟದ ಒಳದಾರಿಯ ಕೆಸರಿನಲ್ಲಿ ಜೀಪು ಹತ್ತಿಸಿದ ಹುಡುಗನಿಗೆ ಕ್ಲಚ್ಚು, ಬ್ರೇಕು, ಗೇರು ಚೆನ್ನಾಗಿ ಒಗ್ಗಿರುತ್ತವೆ; ನನ್ನ ಮಗಳಿಗಿಂತ ಅವನ ಕೈ ಪಳಗಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೆತ್ತವರು ಮೋಸ ಹೋಗುವುದು ಆ ಪಳಗಿದ ಕೈಯನ್ನು ನೋಡಿಯೇ. ಎದುರಿನ ಬಸ್ಸನ್ನು ಹಿಂದಿಕ್ಕಲು ಹೊರಟ ಬೈಕು, ರಸ್ತೆಗೆ ಇಳಿಯಲಿರುವ ದನ, ಸಂಜೆ ಕೆಲಸ ಬಿಟ್ಟು ಅಂಚಿನಲ್ಲಿ ನಡೆದು ಬರುವ ಕೂಲಿಯವರು, ಇವರು ಯಾರೂ ತೋಟದ ಗೇಟಿನ ಒಳಗೆ ಸಿಗುವುದಿಲ್ಲ.

ಮಗಳ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಗ ನನಗೆ ನೆನಪಾದದ್ದು ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಮೂಟೆ ಒಯ್ಯುತ್ತಿದ್ದ ಲಾರಿಗಳು. ಆ ಲಾರಿಗಳಲ್ಲಿ ಎಡಗಡೆಯ ಸೀಟು ಎಂದೂ ಖಾಲಿ ಇರುತ್ತಿರಲಿಲ್ಲ. ಅಲ್ಲಿ ಕ್ಲೀನರ್ ಹುಡುಗನಿರುತ್ತಿದ್ದ. ತಿರುವಿನಲ್ಲಿ ತಲೆ ಹೊರಗಿಟ್ಟು “ರೈಟ್, ರೈಟ್” ಎನ್ನುವುದು, ಏರಿನಲ್ಲಿ ನಿಂತರೆ ಇಳಿದು ಚಕ್ರಕ್ಕೆ ಕಲ್ಲು ಕೊಡುವುದು, ಮಂಜು ಕವಿದರೆ ಮುಂದೆ ನಡೆದು ದಾರಿ ತೋರಿಸುವುದು ಅವನ ಕೆಲಸ. ಇಕ್ಕಟ್ಟಾದ ಘಾಟಿ ರಸ್ತೆಯಲ್ಲಿ ಇಳಿಯುವ ಗಾಡಿ ಏರುವ ಗಾಡಿಗೆ ದಾರಿ ಬಿಡಬೇಕೆಂಬ, ಸರ್ಕಾರಿ ನಿಯಮದಲ್ಲೂ ಇರುವ ಮಾತನ್ನು ಅವನು ಡ್ರೈವರನನ್ನು ನೋಡಿಯೇ ಕಲಿಯುತ್ತಿದ್ದ. ವರ್ಷಗಟ್ಟಲೆ ಹೀಗೆ ರಸ್ತೆಯನ್ನು ಓದಿದ ಮೇಲಷ್ಟೇ ಸ್ಟೀರಿಂಗ್ ಅವನ ಕೈಗೆ ಬರುತ್ತಿತ್ತು. ಆ ಹುಡುಗರ ದುಡಿಮೆ ಕಠಿಣವಾಗಿತ್ತು, ಸಂಬಳ ಕಡಿಮೆಯಿತ್ತು, ಅದನ್ನು ಮರೆಸಿ ಹೊಗಳಲಾರೆ. ಆದರೆ ವಿಕ್ಟೋರಿಯ ಕಾನೂನು ಮಾಡಿ ಹೇಳುತ್ತಿರುವುದನ್ನು ನಮ್ಮ ಲಾರಿ ಡ್ರೈವರುಗಳು ಬಹಳ ಹಿಂದೆಯೇ ಪಾಲಿಸುತ್ತಿದ್ದರು. ಕಾರು ಕೊಳ್ಳುವಷ್ಟು ಅನುಕೂಲ ಬಂದ ನಾವೇ ಆ ಕ್ರಮವನ್ನು ಕೈಬಿಟ್ಟೆವು.

ಸಂಜೆ ಅಣ್ಣನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಮೊದಲು ನೊಂದುಕೊಂಡ, ಆಮೇಲೆ “ತೋಟದ ಕೆಲಸ ಬಿಟ್ಟು ಅವನ ಪಕ್ಕದಲ್ಲಿ 120 ಗಂಟೆ ಕೂರಲು ನನಗೆಲ್ಲಿ ಪುರುಸೊತ್ತು?” ಎಂದ. ಕಲಿಯುವವರಿಗೆ ಕೊಡುವ ಎಲ್‌ಎಲ್‌ಆರ್ ಬಂದ 30 ದಿನಕ್ಕೆ ಪೂರ್ಣ ಲೈಸೆನ್ಸ್‌ನ ಪರೀಕ್ಷೆಗೆ ಹೋಗಬಹುದಾದರೂ ಅದರ ಅವಧಿ ಆರು ತಿಂಗಳಿದೆ, ವಾರಕ್ಕೆ ಎರಡು ಗಂಟೆ ಕೂತರೂ 50 ಗಂಟೆ ದಾಟುತ್ತದೆ ಎಂದು ಲೆಕ್ಕ ಹೇಳಿದೆ. 18 ತುಂಬುವವರೆಗೆ ಕೀಲಿ ಕೊಡಬೇಡ, ಸಂತೆಗೋ ಹಾಸನಕ್ಕೋ ಹೋಗುವಾಗ ಎಡಗಡೆ ಕೂರಿಸಿಕೊಂಡು, ಮುಂದೆ ಏನು ಬರುತ್ತಿದೆ, ಯಾರು ಅಡ್ಡ ಬರಬಹುದು ಎಂದು ಅವನ ಬಾಯಲ್ಲೇ ಹೇಳಿಸು ಎಂದೂ ಕೇಳಿಕೊಂಡೆ.

“ಅಂದರೆ ನನ್ನ ಮಗನನ್ನು ಕ್ಲೀನರ್ ಮಾಡು ಅಂತೀಯ” ಎಂದ ಅಣ್ಣ.

“ಹೌದಣ್ಣ, ಅಷ್ಟು ದಿನ ಕ್ಲೀನರ್ ಆಗಿರಲಿ” ಎಂದೆ. ಅವನು ಒಪ್ಪಿದನೋ ಇಲ್ಲವೋ ಹೇಳಲಾರೆ. ಕಾರಿನ ಕೀಲಿಯನ್ನು ಮಾತ್ರ ಅತ್ತಿಗೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರಂತೆ.