ಹೊಸ ಎಲೆಕ್ಟ್ರಿಕ್ ಎಸ್‌ಯುವಿಯ ಸದ್ದು ಹುಡುಕಬೇಕಾದ್ದು ಗಿರಾಕಿಯ ರಸ್ತೆಯಲ್ಲಿ

ಚಿಕ್ಕಮಗಳೂರಿನ ಒಂದು ಕಾರ್ ವರ್ಕ್‌ಶಾಪ್‌ನಲ್ಲಿ ನನ್ನ ಕೆಲಸ. ಹೊಸ ಗಾಡಿ ಡೆಲಿವರಿಗೆ ಮುಂಚೆ ಮಾಡುವ ತಪಾಸಣೆ ಇದೆಯಲ್ಲ, ನಾವು ಪಿಡಿಐ ಅನ್ನುತ್ತೇವೆ, ಅದನ್ನು ನೋಡಿಕೊಳ್ಳುತ್ತೇನೆ. ಗಾಡಿ ಮನೆಗೆ ಹೋದಮೇಲೆ ಮೊದಲ ಕೆಲವು ತಿಂಗಳಲ್ಲಿ ಬರುವ ಕಂಪ್ಲೇಂಟ್‌ಗಳೂ ನನ್ನ ಹತ್ತಿರವೇ ಬರುತ್ತವೆ. ಮೊದಲೆಲ್ಲ ಬರೀ ಡೀಸೆಲ್ ಗಾಡಿ. ಈಗ ಎಲೆಕ್ಟ್ರಿಕ್ ಎಸ್‌ಯುವಿಗಳು ಜಾಸ್ತಿ. 2025ರಲ್ಲಂತೂ ಒಂದರ ಹಿಂದೆ ಒಂದು ಬಂದವು. ಜನವರಿಯಲ್ಲಿ ಕ್ರೆಟಾ ಎಲೆಕ್ಟ್ರಿಕ್, ಜೂನ್‌ನಲ್ಲಿ ಹ್ಯಾರಿಯರ್ ಇವಿ. 2024ರ ನವೆಂಬರ್‌ನಲ್ಲಿ ಮಹೀಂದ್ರಾ ತೋರಿಸಿದ್ದ ಎರಡು ಗಾಡಿಗಳೂ 2025ರಲ್ಲೇ ರಸ್ತೆಗಿಳಿದವು. ನಾನು ಇಲ್ಲಿ ಬರೆಯುತ್ತಿರುವುದು ಇವುಗಳಲ್ಲಿ ಯಾವುದೋ ಒಂದರ ಬಗ್ಗೆ ಅಲ್ಲ. ಯಾವ ಕಂಪನಿಯ ಎಲೆಕ್ಟ್ರಿಕ್ ಗಾಡಿ ಇದ್ದರೂ ನಮ್ಮ ಮಲೆನಾಡಿನಲ್ಲಿ ಈ ಮಾತುಗಳು ಉಪಯೋಗಕ್ಕೆ ಬರುತ್ತವೆ.

ಗಾಡಿ ತಗೊಳ್ಳುವವರು ಮೊದಲು ಕೇಳೋದು ಬ್ಯಾಟರಿ ಬಗ್ಗೆ. ಎಷ್ಟು ವರ್ಷ ಬರುತ್ತೆ, ಬೆಂಕಿ ಹತ್ತುತ್ತಾ, ಮಳೆಗೆ ಏನಾಗುತ್ತೆ. ಕೇಳಬೇಕಾದ ಪ್ರಶ್ನೆಗಳೇ. ಆದರೆ ಮೊದಲ ತಿಂಗಳುಗಳಲ್ಲಿ ನನ್ನ ಹತ್ತಿರ ಬರುವ ಗಾಡಿಗಳಲ್ಲಿ, ಗಾಡಿ ಓಡಿಸುವ ದೊಡ್ಡ ಬ್ಯಾಟರಿಯ ತೊಂದರೆ ತೀರಾ ಅಪರೂಪ. ಬರುವುದೆಲ್ಲ ಸದ್ದು, ಸಡಿಲ ಕ್ಲಿಪ್ಪು, ಸರಿಯಾಗಿ ಕೂರದ ಬೀಡಿಂಗು (ಬಾಗಿಲು, ಗಾಜಿನ ಅಂಚಿನ ರಬ್ಬರ್ ಪಟ್ಟಿ), ಸತ್ತುಹೋದ 12 ವೋಲ್ಟ್ ಬ್ಯಾಟರಿ, ಮನೆಯ ಅರ್ಥಿಂಗು.

ಸದ್ದಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಕೆಲಸ ನಿಜವಾಗಿ ಬದಲಾಗಿರೋದು ಅಲ್ಲೇ. ಡೀಸೆಲ್ ಗಾಡಿಯಲ್ಲಿ ಇಂಜಿನ್ ಸದ್ದು ಎಲ್ಲವನ್ನೂ ಮುಚ್ಚಿಹಾಕುತ್ತಿತ್ತು. ಡೋರ್ ಪ್ಯಾಡ್ ಒಳಗೆ ಒಂದು ವೈರ್ ಅಲ್ಲಾಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಲೆಕ್ಟ್ರಿಕ್ ಗಾಡಿ ನಿಧಾನಕ್ಕೆ ಹೋಗುವಾಗ ಒಳಗೆ ಸದ್ದೇ ಇರಲ್ಲ. ಜೋರಾಗಿ ಹೋದರೆ ಟೈರು ಮತ್ತು ಗಾಳಿಯ ಸದ್ದು ಬರುತ್ತೆ, ಅದು ಸ್ವಲ್ಪ ಮುಚ್ಚುತ್ತೆ. ಆದರೆ ಎಸ್ಟೇಟ್ ರಸ್ತೆಯಲ್ಲಿ ಯಾರು ಜೋರಾಗಿ ಹೋಗುತ್ತಾರೆ? ಹತ್ತು ಹದಿನೈದರ ಸ್ಪೀಡು, ಕಲ್ಲು, ಗುಂಡಿ. ಸಡಿಲ ಇರುವ ಒಂದೊಂದು ಕ್ಲಿಪ್ಪೂ ಮಾತಾಡಲು ಶುರು ಮಾಡುತ್ತದೆ.

ಆಲ್ದೂರು ಕಡೆಯ ಒಬ್ಬರು ಬೆಳೆಗಾರರ ಗಾಡಿ ಹೀಗೇ ಬಂತು. ಹಿಂದಿನಿಂದ ಟಕ್ ಟಕ್ ಅನ್ನುತ್ತೆ ಅಂತ ಕಂಪ್ಲೇಂಟ್. ಮೊದಲ ಸಲ ಬಂದಾಗ ಊರೊಳಗಿನ ಟಾರ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ಸದ್ದು ಕೇಳಿಸಲಿಲ್ಲ ಅಂತ ಜಾಬ್ ಕಾರ್ಡ್ (ಕಂಪ್ಲೇಂಟ್ ಬರೆದುಕೊಳ್ಳುವ ಚೀಟಿ) ಮುಚ್ಚಿ ಕಳಿಸಲಾಗಿತ್ತು. ಎರಡನೇ ಸಲ ಅವರು ಬಂದಾಗ ಮುಖ ಕೆಂಪಗಾಗಿತ್ತು. 'ನಾನೇನು ಸುಳ್ಳು ಹೇಳ್ತೀನಾ? ನಮ್ಮ ತೋಟಕ್ಕೆ ಬಂದು ನೋಡ್ರೀ' ಅಂದರು. ಸರಿ ಸಾರ್, ಬರ್ತೀನಿ ಅಂತ ಅವರ ಜೊತೆಗೇ ಹೊರಟೆ.

ಅವರ ಮನೆ ಗೇಟಿನಿಂದ ಕಣದವರೆಗೆ ಜಲ್ಲಿ ರಸ್ತೆ. ಅವರು ಓಡಿಸಿದರು, ನಾನು ಮುಂದೆ ಕೂತೆ, ಅವರ ತಾಯಿ ಹಿಂದೆ. ಮುಂದೆ ಕೂತವನಿಗೆ ಸದ್ದು ಬರ್ತಿದೆ ಅಂತ ಗೊತ್ತಾಗುತ್ತೆ, ಎಲ್ಲಿಂದ ಅಂತ ಗೊತ್ತಾಗಲ್ಲ. ನಾನು ಡಿಕ್ಕಿ ಬಾಗಿಲಿನ ಲಾಕ್ ಇರಬೇಕು ಅಂದುಕೊಂಡು ಹಿಂದೆ ತಿರುಗಿ ಅದನ್ನೇ ನೋಡುತ್ತಿದ್ದೆ. ಆ ಅಮ್ಮ ತಮ್ಮ ಎಡಗಿವಿ ಪಕ್ಕದ ಕಂಬದ ಮೇಲೆ ಬೆರಳಿಟ್ಟು, 'ಅಲ್ಲಲ್ಲ ಮಗಾ, ಇಲ್ಲಿ, ನನ್ನ ಕಿವಿ ಹತ್ರ' ಅಂದರು. ಹಿಂದಿನ ಬಾಗಿಲಿಗೂ ಡಿಕ್ಕಿಗೂ ನಡುವೆ ಬರುವ ಕಂಬದ ಪ್ಲಾಸ್ಟಿಕ್ ಕವರ್ ಅದು. ಅಂಗೈಯಿಂದ ಒತ್ತಿ ಹಿಡಿದೆ. ಸದ್ದು ನಿಂತಿತು. ಕೈ ತೆಗೆದೆ, ಮತ್ತೆ ಬಂತು.

ವರ್ಕ್‌ಶಾಪ್‌ಗೆ ತಂದು ಕವರ್ ಬಿಚ್ಚಿದರೆ, ಒಳಗೆ ವೈರಿಂಗ್‌ನ ಒಂದು ಕಟ್ಟು ತಗಡಿನ ತೂತಿಗೆ ಸಿಕ್ಕಿಸಬೇಕಾದ ಕ್ಲಿಪ್‌ನಿಂದ ಹೊರಗೆ ಬಂದು ನೇತಾಡುತ್ತಿತ್ತು. ಅದರ ಕನೆಕ್ಟರ್ ತಗಡಿಗೆ ಬಡಿಯುತ್ತಿತ್ತು. ಕ್ಲಿಪ್ ಕೂರಿಸಿ, ಕನೆಕ್ಟರ್‌ಗೆ ಬಟ್ಟೆಯ ಟೇಪ್ ಸುತ್ತಿ, ಕವರ್ ಹಾಕಿ, ಅದೇ ಜಲ್ಲಿ ರಸ್ತೆಗೆ ವಾಪಸ್ ಹೋಗಿ ನೋಡಿದೆವು. ಸದ್ದಿಲ್ಲ. ಬೆಲೆ ನೋಡಿದರೆ ಏನೂ ಅಲ್ಲದ ರಿಪೇರಿ. ಆದರೆ ಇಪ್ಪತ್ತು ಲಕ್ಷದ ಮೇಲೆ ದುಡ್ಡು ಕೊಟ್ಟ ಮನುಷ್ಯನಿಗೆ ದಿನಾ ಕಿವಿಯಲ್ಲಿ ಟಕ್ ಟಕ್ ಅಂದರೆ, ಇಡೀ ಗಾಡಿಯ ಮೇಲೇ ನಂಬಿಕೆ ಹೋಗುತ್ತದೆ. ಬ್ಯಾಟರಿ ಒಳಗೂ ಹೀಗೇ ಏನೋ ಸಡಿಲ ಇರಬಹುದಾ ಅಂತ ಅವರು ನನ್ನನ್ನು ಕೇಳಿದರು. ಅದು ನ್ಯಾಯವಾದ ಭಯ, ಅದನ್ನು ನಗೆಯಾಡಬಾರದು.

ಆಮೇಲೆ ನಾನು ವರ್ಕ್‌ಶಾಪ್‌ನಲ್ಲಿ ಹಟ ಹಿಡಿದು ಎರಡು ಅಭ್ಯಾಸ ತಂದೆ. ಸದ್ದಿನ ಕಂಪ್ಲೇಂಟ್ ಬಂದರೆ ರೋಡ್ ಟೆಸ್ಟ್ ಕೈಮರದ ಕಡೆಯ ತಿರುವು ರಸ್ತೆಗೋ, ಹಳ್ಳಿಯ ಕೆಟ್ಟ ರಸ್ತೆಗೋ ಹೋಗಲೇಬೇಕು. ಇನ್ನೊಂದು, ಗಾಡಿ ಓಡಿಸುವವನು ಬೇರೆ, ಸದ್ದು ಕೇಳುವವನು ಬೇರೆ. ಕೇಳುವವನು ಹಿಂದಿನ ಸೀಟಿನಲ್ಲೂ ಕೂರಬೇಕು. ಎಸಿ ಬಂದ್, ಹಾಡು ಬಂದ್, ಬಾಟಲಿ ಛತ್ರಿ ಏನಿದ್ದರೂ ಮೊದಲು ಹೊರಗೆ.

ಬಾಡಿ ಫಿಟ್ಟಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಶೋರೂಮ್ ಲೈಟಿನಲ್ಲಿ ಎಲ್ಲ ಗಾಡಿಯೂ ಚಂದ. ಬೆಳಗಿನ ಬಿಸಿಲಿಗೆ ತಂದು ನಿಲ್ಲಿಸಿ, ಬಾನೆಟ್‌ನ ಸಂದು ಎಡಕ್ಕೂ ಬಲಕ್ಕೂ ಒಂದೇ ಸಮ ಇದೆಯಾ, ಬಾಗಿಲು ಮೆಲ್ಲಗೆ ತಳ್ಳಿದರೆ ಕೂರುತ್ತಾ, ಬೀಡಿಂಗ್ ಎಲ್ಲಾದರೂ ಎದ್ದಿದೆಯಾ ಅಂತ ಕೈಯಾಡಿಸಿ ನೋಡಿ. ಸರಿ ಇಲ್ಲದಿದ್ದರೆ ಅಲ್ಲೇ ಬರೆಸಿ. ನಂಬರ್ ಪ್ಲೇಟ್ ಹಾಕಿದಮೇಲೆ ವಾದ ಕಷ್ಟ.

ಮಳೆಗಾಲದ ವಿಷಯ ಮಾತ್ರ ಬಿಡುವ ಹಾಗಿಲ್ಲ. ತೋಟದಲ್ಲಿ ಗಾಡಿ ನಿಲ್ಲಿಸುವುದು ಸಾಮಾನ್ಯವಾಗಿ ಸಿಲ್ವರ್ ಓಕ್ ಮರದ ಕೆಳಗೆ. ಅದರ ಎಲೆ ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗಿನ ಜಾಲರಿಯೊಳಗೆ ಸೇರಿಕೊಂಡು ನೀರು ಹೋಗುವ ತೂತನ್ನು ಕಟ್ಟಿಹಾಕುತ್ತದೆ. ನೀರು ಅಲ್ಲೇ ನಿಂತು, ದಾರಿ ಹುಡುಕಿಕೊಂಡು ಒಳಗಿನ ಕಾರ್ಪೆಟ್‌ಗೆ ಇಳಿಯುತ್ತೆ. ಗಾಡಿ ಸೋರುತ್ತೆ ಅಂತ ಬಂದವರಲ್ಲಿ ಕೆಲವರಿಗೆ ಬೀಡಿಂಗ್ ತಪ್ಪಾಗಿ ಕೂತಿತ್ತು, ಕೆಲವರಿಗೆ ಬರೀ ಎಲೆ. ವಾಸನೆ ಬಂದಮೇಲೆ ನೋಡುವ ಬದಲು, ವಾರಕ್ಕೊಮ್ಮೆ ಎಲೆ ತೆಗೆದು ಕಾಲ ಕೆಳಗಿನ ಮ್ಯಾಟ್ ಎತ್ತಿ ಕೈಯಿಟ್ಟು ನೋಡಿದರೆ ಸಾಕು. ಸೀಟಿನ ಕೆಳಗೆ, ಕಾರ್ಪೆಟ್ ಕೆಳಗೆ ವೈರಿಂಗ್ ಓಡಿರುತ್ತೆ, ಒದ್ದೆ ಇರಲು ಬಿಡಬಾರದು.

ಮಳೆಗಾಲದಲ್ಲೇ ಬರುವ ಇನ್ನೊಂದು ಕಂಪ್ಲೇಂಟ್, ಬೆಳಗ್ಗೆ ಗಾಡಿ ತೆಗೆದರೆ ಚಕ್ರದಲ್ಲಿ ಕರಕರ ಸದ್ದು. ಎಲೆಕ್ಟ್ರಿಕ್ ಗಾಡಿಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ಎತ್ತಿದಾಗ ಮೋಟಾರೇ ಗಾಡಿಯನ್ನು ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುತ್ತೆ, ರೀಜನ್ ಅನ್ನುತ್ತಾರಲ್ಲ ಅದು. ಹಾಗಾಗಿ ಬ್ರೇಕ್ ಡಿಸ್ಕ್‌ಗೆ ಕೆಲಸ ಕಮ್ಮಿ, ಮೇಲೆ ತುಕ್ಕು ಕೂರುತ್ತೆ. ಹಿಂದೆ ಮುಂದೆ ನೋಡಿ ನಾಲ್ಕಾರು ಸಲ ಚೆನ್ನಾಗಿ ಬ್ರೇಕ್ ಒತ್ತಿದರೆ ಹೋಗುತ್ತೆ. ಹೋಗದಿದ್ದರೆ ಮಾತ್ರ ತನ್ನಿ.

ರೀಜನ್ ಬಗ್ಗೆ ನಮ್ಮ ಊರಿನವರಿಗೆ ಬೇರೆಯೇ ಒಂದು ಮಾತು ಹೇಳಬೇಕು. ಕೊಟ್ಟಿಗೆಹಾರದ ಕಡೆ ಮನೆ ಇರುವವರು ರಾತ್ರಿ 100 ಪರ್ಸೆಂಟ್ ಚಾರ್ಜ್ ಮಾಡಿ ಬೆಳಗ್ಗೆ ಚಾರ್ಮಾಡಿ ಘಾಟಿ ಇಳಿಯುತ್ತಾರೆ. ತುಂಬಿದ ಬ್ಯಾಟರಿ ಕರೆಂಟ್ ತಗೊಳ್ಳಲ್ಲ. ಕಾಲು ಎತ್ತಿದರೆ ಗಾಡಿ ದಿನಾ ನಿಲ್ಲುವ ಹಾಗೆ ನಿಲ್ಲಲ್ಲ, ಜಾರಿದ ಹಾಗೆ ಅನ್ನಿಸುತ್ತೆ. ಬ್ರೇಕ್ ಫೇಲ್ ಅಂತ ಗಾಬರಿಯಾಗಿ ಫೋನ್ ಮಾಡಿದವರಿದ್ದಾರೆ. ಬ್ರೇಕ್ ಸರಿಯಾಗೇ ಇತ್ತು, ರೀಜನ್ ಕಮ್ಮಿಯಾಗಿತ್ತು ಅಷ್ಟೆ. ಆದರೂ ಘಾಟಿಯ ತಿರುವಿನಲ್ಲಿ ಆ ಗಾಬರಿ ಅಪಾಯ. ಡೆಲಿವರಿ ದಿನ ಇದನ್ನು ಯಾರೂ ಹೇಳಲ್ಲ, ನಾನು ಈಗ ಕೂರಿಸಿ ಹೇಳುತ್ತೇನೆ. ಮೇಲಿನಿಂದ ಇಳಿಯುವ ದಿನ 80, 85ಕ್ಕೆ ನಿಲ್ಲಿಸಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಗೆ ಆಗಾಗ 100ರವರೆಗೆ ಚಾರ್ಜ್ ಬೇಕು, ಇಲ್ಲದಿದ್ದರೆ ಎಷ್ಟು ಉಳಿದಿದೆ ಅನ್ನುವ ಲೆಕ್ಕ ತಪ್ಪುತ್ತೆ, ಅದನ್ನು ಕಡೂರು ಕಡೆ ಬಯಲಿಗೆ ಹೋಗುವ ದಿನ ಮಾಡಿಕೊಳ್ಳಿ.

ಮಂಗಳೂರಿಗೆ ಹೋಗುವಾಗ ಚೆನ್ನಾಗಿ ಮೈಲೇಜ್ ಕೊಟ್ಟ ಗಾಡಿ ಬರುವಾಗ ಕೊಡಲಿಲ್ಲ, ಬ್ಯಾಟರಿ ಡಿಫೆಕ್ಟ್ ಅನ್ನುವ ದೂರಿಗೂ ಕಾರಣ ಘಾಟಿಯೇ. ಎರಡು ಟನ್ ಗಾಡಿಯನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ನಮ್ಮೂರು ಸಮುದ್ರಕ್ಕಿಂತ ಸಾವಿರ ಮೀಟರ್‌ಗೂ ಮೇಲಿದೆ. ಅಂದರೆ ಬಯಲಲ್ಲಿ ಖರ್ಚಾಗುವುದರ ಮೇಲೆ ಐದು ಯೂನಿಟ್‌ಗೂ ಹೆಚ್ಚು, ಬರೀ ಏರೋದಕ್ಕೆ. ಈ ಲೆಕ್ಕವನ್ನು ಪೇಪರ್ ಮೇಲೆ ಬರೆದು ತೋರಿಸಿದರೆ ಜನ ಒಪ್ಪುತ್ತಾರೆ. ಸುಮ್ನೆ 'ಘಾಟಿ ಅಲ್ವಾ ಸಾರ್' ಅಂದರೆ ಯಾರೂ ಒಪ್ಪಲ್ಲ.

12 ವೋಲ್ಟ್ ಬ್ಯಾಟರಿ. ಎಲೆಕ್ಟ್ರಿಕ್ ಗಾಡಿಗೂ ಅದು ಇದೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಾಗಿಲ ಲಾಕು, ಸ್ಕ್ರೀನು, ಒಳಗಿನ ಕಂಪ್ಯೂಟರ್‌ಗಳು, ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಸೇರಿಸುವ ಸ್ವಿಚ್ಚು, ಎಲ್ಲ ನಡೆಯೋದು ಇದರಿಂದ. ಇದು ಇಳಿದರೆ ದೊಡ್ಡದರಲ್ಲಿ ಮುಕ್ಕಾಲು ಚಾರ್ಜ್ ಇದ್ದರೂ ಗಾಡಿ ಏಳಲ್ಲ. ಮಗಳ ಮನೆಗೆ ಅಂತ ಬೆಂಗಳೂರಿಗೆ ಹೋಗಿ ವಾರಗಟ್ಟಲೆ ಬಿಟ್ಟು ಬಂದವರಿಗೆ ಹೀಗಾಗುತ್ತೆ, ಅದರಲ್ಲೂ ಅಲ್ಲಿಂದಲೇ ಮೊಬೈಲ್ ಆ್ಯಪ್‌ನಲ್ಲಿ ದಿನಾ ಗಾಡಿಯನ್ನು ಎಬ್ಬಿಸಿ ನೋಡುವವರಿಗೆ. ಹೊಸ ಗಾಡಿಗೂ ಆಗುತ್ತೆ, ಯಾಕೆಂದರೆ ಯಾರ್ಡ್‌ನಲ್ಲಿ ಬಹಳ ದಿನ ನಿಂತಿರುತ್ತೆ. ನಾನು ಪಿಡಿಐನಲ್ಲಿ ಮೀಟರ್ ಇಟ್ಟು ನೋಡುತ್ತೇನೆ. ಆ್ಯಸಿಡ್ ಬ್ಯಾಟರಿಯಾದರೆ 12.6 ಇದ್ದರೆ ಒಳ್ಳೇದು, 12.2 ಅಂದರೆ ಅರ್ಧ ಇಳಿದಿದೆ ಅಂತ. ಡೆಲಿವರಿ ದಿನ ಈ ನಂಬರ್ ಎಷ್ಟು ಅಂತ ನೀವೇ ಕೇಳಿ. ಸ್ಮಾರ್ಟ್ ಕೀ ಒಳಗಿರುವ ಕಬ್ಬಿಣದ ಕೀಯಲ್ಲಿ ಬಾಗಿಲು ತೆಗೆಯೋದು ಹೇಗೆ ಅಂತಲೂ ಅವತ್ತೇ ಕಲಿತುಕೊಳ್ಳಿ.

ಇನ್ನು ಅರ್ಥಿಂಗ್. ಬೇಸಿಗೆಯಲ್ಲಿ ಫೋನ್ ಬರುತ್ತೆ, ಚಾರ್ಜರ್‌ನಲ್ಲಿ ಕೆಂಪು ಲೈಟ್, ಗಾಡಿ ಹಾಳಾಗಿದೆ ಅಂತ. ಹೋಗಿ ನೋಡಿದರೆ ಗಾಡಿಯೂ ಚಾರ್ಜರೂ ಎರಡೂ ಸರಿ. ಹಳೇ ಎಸ್ಟೇಟ್ ಮನೆ, ಅರ್ಥ್ ಗುಂಡಿ ಒಣಗಿ ಎಷ್ಟು ಕಾಲವಾಗಿದೆಯೋ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಇಟ್ಟರೆ ಬರಬಾರದಷ್ಟು ವೋಲ್ಟ್ ತೋರಿಸುತ್ತೆ. ಚಾರ್ಜರ್ ನಿಮ್ಮ ಜೀವ ಕಾಯಲು ನಿಂತುಬಿಟ್ಟಿದೆ. ಇಲ್ಲಿ ಒಂದು ಮಾತು ಕೈಮುಗಿದು ಹೇಳುತ್ತೇನೆ. ಕೆಲವು ವೈರಿಂಗ್‌ನವರು ಪ್ಲಗ್ ಪಾಯಿಂಟ್ ಒಳಗೇ ನ್ಯೂಟ್ರಲ್ಲನ್ನೂ ಅರ್ಥನ್ನೂ ಒಂದು ತುಂಡು ವೈರ್‌ನಲ್ಲಿ ಸೇರಿಸಿಬಿಡುತ್ತಾರೆ. ಕೆಂಪು ಲೈಟ್ ಹೋಗುತ್ತೆ, ಚಾರ್ಜ್ ಆಗುತ್ತೆ. ಆದರೆ ಹಿಂದೆಲ್ಲೋ ನ್ಯೂಟ್ರಲ್ ಕಿತ್ತುಹೋದ ದಿನ ಗಾಡಿಯ ಬಾಡಿಗೇ ಕರೆಂಟ್ ಬರುತ್ತೆ, ಮಳೆಯಲ್ಲಿ ಒದ್ದೆ ಕಾಲಿನಲ್ಲಿ ಬಾಗಿಲು ಮುಟ್ಟುವುದು ನಿಮ್ಮ ಮನೆಯ ಮಗು. ಹೊಸ ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿ ಮಾಡಿಸಿ, ಬೇಸಿಗೆಯಲ್ಲಿ ನೀರು ಹಾಕಿ. ಚಾರ್ಜಿಂಗ್‌ಗೆ ಮೀಟರ್ ಬೋರ್ಡಿನಿಂದ ಬೇರೆಯದೇ ಲೈನ್ ಎಳೆಸಿ. ಇಲ್ಲಿ ಮೆಸ್ಕಾಂ, ಹಾಸನದ ಕಡೆಯವರಿಗೆ ಚೆಸ್ಕಾಂ, ಲೋಡ್ ಜಾಸ್ತಿ ಬೇಕಾದರೆ ಗಾಡಿ ಬುಕ್ ಮಾಡಿದ ದಿನವೇ ಅರ್ಜಿ ಕೊಡಿ.

ಪಂಚರ್ ಅಂಗಡಿಯಲ್ಲಿ ಜ್ಯಾಕ್ ಕೊಡುವಾಗ ಪಕ್ಕದಲ್ಲೇ ನಿಂತಿರಿ. ಈ ಗಾಡಿಗಳ ಹೊಟ್ಟೆ ತುಂಬಾ ಬ್ಯಾಟರಿಯೇ. ಅಂಚಿನಲ್ಲಿ ಜ್ಯಾಕ್‌ಗೆ ಅಂತ ಗುರುತಿನ ಜಾಗ ಇದೆ, ಅದು ಬಿಟ್ಟು ಒಳಗೆ ಕೊಟ್ಟರೆ ಬ್ಯಾಟರಿಯ ತಗಡು ಒಳಗೆ ಹೋಗುತ್ತೆ. ತೋಟದ ಕಲ್ಲಿಗೆ ಕೆಳಗೆ ಜೋರಾಗಿ ಬಡಿದರೂ ಅಷ್ಟೇ, ಮೇಲೆ ಏನೂ ಕಾಣದಿದ್ದರೂ ಲಿಫ್ಟ್‌ಗೆ ಏರಿಸಿ ನೋಡಿಸಿ. ನಾನು ಪ್ರತಿ ಮೊದಲ ಸರ್ವಿಸ್‌ನಲ್ಲಿ ತಳದ ಫೋಟೋ ತೆಗೆದಿಡುತ್ತೇನೆ. ನೀವೂ ಒಂದು ಕಾಪಿ ಇಸ್ಕೊಳ್ಳಿ, ವಾರಂಟಿ ಮಾತು ಬಂದಾಗ ಯಾವ ಗೀರು ಯಾವಾಗಿನದು ಅಂತ ಹೇಳೋಕೆ ಬೇಕಾಗುತ್ತೆ.

ಸಾಫ್ಟ್‌ವೇರ್ ಅಪ್‌ಡೇಟ್ ದೂರದ ಊರಿಗೆ ಹೊರಡುವ ಹಿಂದಿನ ರಾತ್ರಿ ಬೇಡ. ಅಷ್ಟು ಸಾಕು ಅದಕ್ಕೆ.

ಮುಖ್ಯವಾಗಿ, ವರ್ಕ್‌ಶಾಪ್‌ಗೆ ಗಾಡಿ ಬಿಡುವಾಗ ಜಾಬ್ ಕಾರ್ಡ್ ಓದಿ ಸಹಿ ಹಾಕಿ. 'ಸದ್ದು ಬರುತ್ತದೆ' ಅಂತ ಎರಡೇ ಪದ ಇದ್ದರೆ ತಿದ್ದಿಸಿ. ಯಾವ ಸೀಟಿಗೆ ಕೇಳುತ್ತೆ, ಯಾವ ಸ್ಪೀಡಿಗೆ, ಬೆಳಗಿನ ಚಳಿಗೋ ಮಧ್ಯಾಹ್ನದ ಬಿಸಿಲಿಗೋ, ಟಾರ್ ರಸ್ತೆಯಲ್ಲೋ ಜಲ್ಲಿಯಲ್ಲೋ, ಎಲ್ಲ ನಿಮ್ಮ ಮಾತಿನಲ್ಲೇ ಬರೆಸಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ತಂದರೆ ಇನ್ನೂ ಒಳ್ಳೇದು. ರೋಡ್ ಟೆಸ್ಟ್‌ಗೆ ನಾನೂ ಬರ್ತೀನಿ ಅಂತ ಹೇಳಿ, ಆ ಸದ್ದನ್ನು ಮೊದಲು ಕೇಳಿಸಿಕೊಂಡವರನ್ನೂ ಕರ್ಕೊಂಡು ಬನ್ನಿ.