ಬಿಯರ್ ಮನೆತನದ ಲಾರ್ಡು, ಊರಿಗೊಂದು ಪಾರ್ಕು

ಐರ್ಲೆಂಡಿನ ಡಬ್ಲಿನ್ನಿನಲ್ಲಿ ಗಿನ್ನೆಸ್ ಬಿಯರ್ ಮಾಡುತ್ತಿದ್ದ ಮನೆತನದ ಆರ್ಥರ್ ಗಿನ್ನೆಸ್ ಬಗ್ಗೆ ಸುಮ್ನೆ ಓದುತ್ತಾ ಕೂತಿದ್ದೆ. 1868ರಲ್ಲಿ ಅಪ್ಪ ತೀರಿಕೊಂಡಾಗ ಬಿಯರ್ ಕಾರ್ಖಾನೆಯ ಪಾಲೂ ಬಂತು, ಅಪ್ಪನ ಪಾರ್ಲಿಮೆಂಟ್ ಸೀಟೂ ಬಂತು. ಮರುವರ್ಷವೇ ಸೀಟು ಹೋಯಿತು, ಚುನಾವಣೆಯಲ್ಲಿ ಏಜೆಂಟ್ ಮಾಡಿದ ಅಕ್ರಮದಿಂದ. ಇವನಿಗೇನೂ ಗೊತ್ತಿರಲಿಲ್ಲವಂತೆ. ಇರಬಹುದು ಬಿಡಿ! 1874ರಲ್ಲಿ ಮತ್ತೆ ಗೆದ್ದ. ಆಮೇಲೆ ಕಾರ್ಖಾನೆಯ ಪಾಲನ್ನು ತಮ್ಮ ಎಡ್ವರ್ಡ್‌ಗೆ ಮಾರಿದ.

ನನಗೆ ಹಿಡಿಸಿದ್ದು ಸೇಂಟ್ ಸ್ಟೀಫನ್ಸ್ ಗ್ರೀನ್ ಕತೆ. ಊರ ಮಧ್ಯದ ಪಾರ್ಕು, ಆದರೆ ಗೇಟಿಗೆ ಬೀಗ. ಬೀಗದಕೈ ಸುತ್ತಲಿನ ಮನೆಯವರ ಹತ್ತಿರ ಮಾತ್ರ. ಇವನು ಸ್ವಂತ ದುಡ್ಡು ಸುರಿದು ಕೊಳ, ಹೂವಿನ ಪಾತಿ ಎಲ್ಲ ಮಾಡಿಸಿ 1880ರಲ್ಲಿ ಎಲ್ಲರಿಗೂ ತೆರೆಸಿದ. ಅದೇ ವರ್ಷ ಪದವಿ ಸಿಕ್ಕಿ ಲಾರ್ಡ್ ಆರ್ಡಿಲಾನ್ ಆದ.

ದೊಡ್ಡ ಮನಸ್ಸೋ, ಲೆಕ್ಕಾಚಾರವೋ? ನನಗಂತೂ ಎರಡೂ ಅನ್ನಿಸುತ್ತೆ. ಆ ದುಡ್ಡಲ್ಲಿ ಡಬ್ಲಿನ್ನಿನ ಕುಡುಕರ ಪಾಲೂ ಇತ್ತು, ಅಲ್ವಾ?